ಹಂಪಮ್ಮನ ಹಿಂದಿದ್ದ ಹೆಗಲು

ಗಂಡಸರ ಸರ್ಜಿಕಲ್ ವಾರ್ಡಿನ ಆರನೇ ನಂಬರಿನ ಮಂಚದ ಮೇಲೆ ಹಂಪಮ್ಮ ಕಣ್ಣು ಬಿಟ್ಟಾಗ, ಆ ಮಂಚದ ಅಸಲಿ ಹಕ್ಕುದಾರನಾದ ಹುಸೇನಪ್ಪ ಪಕ್ಕದಲ್ಲಿ ನಿಂತು ತನ್ನದೇ ಕೇಸ್ ಶೀಟಿನಿಂದ ಅವಳಿಗೆ ಗಾಳಿ ಬೀಸುತ್ತಿದ್ದ. ಶನಿವಾರ ಹರ್ನಿಯಾ ಆಪರೇಷನ್ ಆದ ಮನುಷ್ಯ. ಭಾರ ಎತ್ತಬಾರದು, ಬಗ್ಗಬಾರದು, ಜೋರಾಗಿ ಕೆಮ್ಮಲೂಬಾರದು ಎಂದು ಅಂದು ಬೆಳಿಗ್ಗೆಯಷ್ಟೇ ಅವನಿಗೆ ತಾಕೀತು ಮಾಡಿದವಳು ಇದೇ ಹಂಪಮ್ಮ. ಅದಾಗಿ ಎರಡು ತಾಸಿಗೆ ಅವಳೇ ಭಾರವಾಗಿ ಅವನ ಕಾಲ ಮೇಲೆ ಬಿದ್ದಿದ್ದಳು.

"ಮಲ್ಕೋ ಯವ್ವಾ, ಮಲ್ಕೋ," ಎಂದ ಹುಸೇನಪ್ಪ. ರಾಯಚೂರು ಕಡೆಯವನು, ಹೈದರಾಬಾದಿನಲ್ಲಿ ಊರ ಮಾತಾಡುವ ನರ್ಸು ಸಿಕ್ಕಳೆಂದು ಎರಡು ದಿನದಿಂದ ಹಿಗ್ಗಿದ್ದ. "ನಾ ಹೆಂಗೂ ಮಲಗಿ ಮಲಗಿ ಬ್ಯಾಸತ್ತೀನಿ. ನೀ ಒಂದೀಟು ಮಲ್ಕೋ."

ಸುತ್ತ ಹನ್ನೆರಡು ನರ್ಸಿಂಗ್ ವಿದ್ಯಾರ್ಥಿನಿಯರು, ಇಬ್ಬರು ಟ್ಯೂಟರುಗಳು. ರೌಂಡ್ಸಿಗೆ ಬಂದಿದ್ದ ದೊಡ್ಡ ಡಾಕ್ಟರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿ ಹಿಂದಿಯಲ್ಲಿ ಕೇಳಿದರು: "ನಿಮ್ಮಿಬ್ಬರಲ್ಲಿ ಅಡ್ಮಿಟ್ ಆಗಿರುವವರು ಯಾರು?"

ಇಡೀ ವಾರ್ಡು ನಕ್ಕಿತು. ಹುಸೇನಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ಹೊಟ್ಟೆ ಹಿಡಿದುಕೊಂಡದ್ದು ಮಾತ್ರ ಹೊಲಿಗೆಯ ಕಾರಣಕ್ಕೆ.

ಸಂಜೆಯೊಳಗೆ ಹಾಸ್ಟೆಲಿನ ಮೂರೂ ಮಹಡಿಗೆ ಸುದ್ದಿ ಹತ್ತಿತು. ಹಂಪಮ್ಮನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಂಪಿ ಎಂದು. ಅಜ್ಜಿಯ ಹೆಸರನ್ನು ಇಪ್ಪತ್ತರ ಹುಡುಗಿಗೆ ಒಪ್ಪುವಂತೆ ಕತ್ತರಿಸಿದ್ದರು. ಹೀಗಾಗಿ ಕನ್ನಡ ಬಲ್ಲ ಹುಡುಗಿಯರಿಗೆ ಸುದ್ದಿ ಹೇಳಲು ಎರಡೇ ಪದ ಸಾಕಾದವು: "ಹಂಪಿ ಬಿತ್ತು." ಹೇಳಿದವರು ನಕ್ಕರು, ಕೇಳಿದವರು ನಕ್ಕರು. ಚರಿತ್ರೆಯಲ್ಲಿ ಹಂಪಿ ಬಿದ್ದದ್ದು ಒಂದೇ ಸಲ. ಈ ಹಂಪಿ ಎಂಟು ತಿಂಗಳಲ್ಲಿ ಹದಿನಾಲ್ಕು ಸಲ ಬಿದ್ದಿದೆ ಎಂಬುದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ, ಶೀತಲಳಿಗೆ.

ಶೀತಲ ಬೇಗಂ ಬಜಾರಿನಲ್ಲಿ ಸ್ಟೀಲು ಪಾತ್ರೆಯ ಅಂಗಡಿ ಇಟ್ಟ ಶಿವಶರಣಪ್ಪನವರ ಮಗಳು. ಮೂಲ ಕಲಬುರಗಿ ಕಡೆ. ಐದಡಿ ಎಂಟಂಗುಲ. ಮನೆಯಲ್ಲಿ ಅಟ್ಟದ ಮೇಲಿನ ಹಂಡೆ ಇಳಿಸಲು ಸ್ಟೂಲು ಹುಡುಕುವ ಬದಲು ಶೀತಲಳನ್ನು ಹುಡುಕುತ್ತಿದ್ದರು. ಹಂಪಮ್ಮನೂ ಕುಳ್ಳಿಯಲ್ಲ, ಐದಡಿ ಆರು. ಬ್ಯಾಚಿನ ಮಿಕ್ಕ ಹುಡುಗಿಯರೆಲ್ಲ ಇವರಿಬ್ಬರ ಭುಜದ ಕೆಳಗೆ ಕೂದಲು ಬಾಚಿಕೊಳ್ಳುವವರು. ಹೀಗಾಗಿ ಅಸೆಂಬ್ಲಿಯಲ್ಲಿ, ವಾರ್ಡಿನಲ್ಲಿ, ಗ್ರೂಪ್ ಫೋಟೋದಲ್ಲಿ ಇಬ್ಬರೂ ಹಿಂದಿನ ಸಾಲು. ಗೆಳೆತನ ಶುರುವಾದದ್ದೇ ಹಿಂದಿನ ಸಾಲಿನಲ್ಲಿ.

ಹಂಪಮ್ಮನ ಅಪ್ಪ ಮೌನಪ್ಪ ಸುರಪುರದ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಹೈದರಾಬಾದಿಗೆ ಬಂದವನು. ಮಣಿಕೊಂಡದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಿಂದ ಬಿದ್ದು ನಲವತ್ತು ದಿನ ಆಸ್ಪತ್ರೆಯಲ್ಲಿದ್ದ. ಎದ್ದು ನಡೆಯುವುದೇ ಇಲ್ಲ ಎಂದು ಹಟ ಹಿಡಿದವನನ್ನು ಒಬ್ಬ ನರ್ಸಮ್ಮ ದಿನಾ ತೆಲುಗಿನಲ್ಲಿ ಬೈದು ಬೈದು, ಬೈಗುಳಕ್ಕೆ ಒಂದು ಹೆಜ್ಜೆಯಂತೆ ನಡೆಸಿದಳು. ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದ ಹತ್ತು ವರ್ಷದ ಹಂಪಮ್ಮ ಅದನ್ನು ನೋಡಿದಳು. ಬಿದ್ದವರನ್ನು ಎಬ್ಬಿಸುವ ಕೆಲಸವೂ ಒಂದು ಕೆಲಸ, ಅದಕ್ಕೆ ಬಿಳಿ ಬಟ್ಟೆ ಕೊಡುತ್ತಾರೆ, ಮೇಲಾಗಿ ದೊಡ್ಡವರನ್ನು ಬೈಯಬಹುದು ಎಂದು ತಿಳಿದ ದಿನವೇ ಅವಳು ನರ್ಸು ಆಗುವುದೆಂದು ಗೊತ್ತುಮಾಡಿದಳು. ಕುಂಟುಗಾಲಿನ ಮೌನಪ್ಪ, ತಾನು ಯಾವ ಕಟ್ಟಡದಿಂದ ಬಿದ್ದನೋ ಅದಕ್ಕೇ ವಾಚ್‌ಮನ್ ಆದ. ಅವ್ವ ಸುಗಲಮ್ಮ ಅದೇ ಕಟ್ಟಡದ ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಸೆಲ್ಲಾರಿನ ಮೂಲೆಯ ಒಂದು ಕೋಣೆಯೇ ಮನೆ.

ಒಂಬತ್ತನೇ ತರಗತಿಯಲ್ಲಿ, ಪ್ರಾರ್ಥನೆಗೆ ನಿಂತಾಗ, ಹಂಪಮ್ಮ ಮೊದಲ ಸಲ ಬಿದ್ದಳು. ಸರ್ಕಾರಿ ಡಾಕ್ಟರು "ವೀಕ್‌ನೆಸ್" ಎಂದು ಕೆಂಪು ಟಾನಿಕ್ ಬರೆದುಕೊಟ್ಟರು. ಟಾನಿಕ್ ಮುಗಿಯಿತು, ಬೀಳುವುದು ಮುಗಿಯಲಿಲ್ಲ. ರಕ್ತ ನೋಡಿ ಬೀಳುವ ಜಾತಿಯಲ್ಲ ಅವಳು; ಹುಣ್ಣು, ಕೀವು, ಸೂಜಿ ಯಾವುದಕ್ಕೂ ಕಣ್ಣು ಮಿಟುಕಿಸಿದವಳಲ್ಲ. ಸುಮ್ಮನೆ ಅಲುಗಾಡದೆ ಬಹಳ ಹೊತ್ತು ನಿಂತರೆ ಕಿವಿಯಲ್ಲಿ ಕುಕ್ಕರಿನ ಸೀಟಿ ಶುರುವಾಗುತ್ತಿತ್ತು, ಬೆನ್ನು ಬೆವರುತ್ತಿತ್ತು, ಕಣ್ಣಿನ ಅಂಚಿನಿಂದ ಕತ್ತಲೆ ಒಳಗೆ ಬರುತ್ತಿತ್ತು. ಆಮೇಲೆ ಅರ್ಧ ನಿಮಿಷದ ರಜೆ. ದುರದೃಷ್ಟಕ್ಕೆ ನರ್ಸಿಂಗ್ ಎಂಬುದು ಅಲುಗಾಡದೆ ನಿಲ್ಲುವ ವಿದ್ಯೆ. ಡಾಕ್ಟರು ಮಾತಾಡುವಾಗ ವಿದ್ಯಾರ್ಥಿನಿ ಕೂರುವಂತಿಲ್ಲ, ಗೋಡೆಗೆ ಒರಗುವಂತಿಲ್ಲ, ಮಂಚದ ಸರಳು ಹಿಡಿಯುವಂತಿಲ್ಲ.

ಕಾಲೇಜು ಸೇರುವಾಗಿನ ಆರೋಗ್ಯದ ಫಾರಮಿನಲ್ಲಿ ಒಂದು ಪ್ರಶ್ನೆ ಇತ್ತು: ಈ ಮೊದಲು ಮೂರ್ಛೆ ಹೋದದ್ದುಂಟೇ? ಹಂಪಮ್ಮನ ಕೈ ಅಲ್ಲೇ ನಿಂತಿತು. ಪಕ್ಕದಲ್ಲಿ ಕೂತ ಅಪರಿಚಿತ ಎತ್ತರದ ಹುಡುಗಿ ಬಗ್ಗಿ ನೋಡಿ, "ಇಲ್ಲ ಅಂತ ಬರೀವಾ. ಖರೇ ಬರದು ಸೀಟು ಕಳಕೋತೀ ಏನು?" ಎಂದಳು. ಆ ಎತ್ತರದ ಹುಡುಗಿಯೇ ಶೀತಲ. "ಇಲ್ಲ" ಎಂದು ಬರೆದ ಪೆನ್ನೂ ಅವಳದೇ.

ಒಪ್ಪಂದ ಆಮೇಲೆ ತಾನಾಗಿ ಆಯಿತು. ಸೀಟಿ ಶುರುವಾದ ಕೂಡಲೇ ಹಂಪಮ್ಮ ಶೀತಲಳ ಏಪ್ರನ್ನಿನ ಅಂಚನ್ನು ಎರಡು ಸಲ ಜಗ್ಗುವುದು. ಶೀತಲ ಒಂದು ಹೆಜ್ಜೆ ಹಿಂದೆ ಬಂದು ಹೆಗಲು ಕೊಡುವುದು. ಹಂಪಮ್ಮನ ತಲೆ ಆ ಹೆಗಲಿನ ಗುಳಿಯಲ್ಲಿ ಅಚ್ಚು ಹಾಕಿದಂತೆ ಕೂರುತ್ತಿತ್ತು. ನೋಡಿದವರಿಗೆ ಇಬ್ಬರು ಗೆಳತಿಯರು ಪಿಸುಮಾತಾಡುತ್ತಿದ್ದಾರೆ ಅನ್ನಿಸಬೇಕು, ಅಷ್ಟೇ. ಒಮ್ಮೆ ಶೀತಲ ರಜೆಯಲ್ಲಿದ್ದಾಗ, ಲೈಬ್ರರಿಯ ಮೆಟ್ಟಿಲ ಮೇಲೆ ಅವರ ಬ್ಯಾಚಿನ ಪುಟ್ಟ ಪ್ರೇಮಾ ಹಿಡಿಯಲು ಹೋಗಿ ಇಬ್ಬರೂ ಉರುಳಿದರು. ಜಾರಿದೆವೆಂದು ಹೇಳಿ ಮುಚ್ಚಿಹಾಕಿದ್ದಾಯಿತು. ವಾಪಸು ಬಂದ ಶೀತಲ, ಪ್ರೇಮಾಳಿಂದ ಎಲ್ಲ ವಿವರ ಕೇಳಿಕೊಂಡು, "ನಾ ಇಲ್ಲದಾಗ ಬೀಳಬ್ಯಾಡ ಅಂತ ಎಷ್ಟ ಸಲ ಹೇಳೀನಿ?" ಎಂದು ಹಂಪಮ್ಮನನ್ನೇ ಬೈದಳು. ಅಂಥ ಬೈಗುಳ ಕೇಳಿ ಹಂಪಮ್ಮನಿಗೆ ಕಣ್ಣು ತುಂಬಿತ್ತು.

ಆದ್ದರಿಂದ ಆ ಸೋಮವಾರ, ಹುಸೇನಪ್ಪನ ಮಂಚದ ಬಳಿ ಸೀಟಿ ಶುರುವಾದಾಗ, ಹಂಪಮ್ಮ ಗಾಬರಿಯಾಗಲಿಲ್ಲ. ಏಪ್ರನ್ ಜಗ್ಗಿದಳು. ಮತ್ತೊಮ್ಮೆ ಜಗ್ಗಿದಳು. ಶೀತಲ ತಿರುಗಿ ನೋಡಿದಳು. ಆಮೇಲೆ ಏಪ್ರನ್ನಿನ ಅಂಚನ್ನು ಹಂಪಮ್ಮನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ಪಕ್ಕಕ್ಕೆ ಎರಡು ಹೆಜ್ಜೆ ಸರಿದು ನಿಂತಳು.

ಕತ್ತಲೆ ಕವಿಯುವ ಮುಂಚೆ ಹಂಪಮ್ಮ ಕಂಡ ಕೊನೆಯ ವಸ್ತು ಅದೇ: ಪಕ್ಕಕ್ಕೆ ಸರಿದ ಎರಡು ಬಿಳಿ ಬೂಟು.

ಆ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತ ಅವಳು ಶೀತಲಳ ಪರವಾಗಿ ತಾನೇ ವಕಾಲತ್ತು ವಹಿಸಿದಳು. ಗೊತ್ತಾಗಿರಲಿಕ್ಕಿಲ್ಲ. ಟ್ಯೂಟರು ಕರೆದಿರಬೇಕು. ಬೂಟಿನ ಲೇಸು ಬಿಚ್ಚಿರಬೇಕು. ಬೆಳಗಿನ ಹೊತ್ತಿಗೆ ಪ್ರಿನ್ಸಿಪಾಲರ ಕರೆ ಬಂತು, ವಕೀಲಿಕೆ ಮುಗಿಯಿತು.

ಪ್ರಿನ್ಸಿಪಾಲ್ ಸಿಸ್ಟರ್ ಬೆನೆಡಿಕ್ಟಾ ಮಂಗಳೂರಿನವರು. ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾದರೂ ಅವರ ಕನ್ನಡ ಇಸ್ತ್ರಿ ಮಾಡಿಟ್ಟ ಹಾಗೆ ಇತ್ತು. ಅವರು ಮೇಜಿನ ಮೇಲೆ ಒಂದು ಹಾಳೆ ಇಟ್ಟು ತಿರುಗಿಸಿದರು.

"ಇದು ಭಾನುವಾರ ಸಂಜೆ ನನ್ನ ಕೈಗೆ ಬಂತು. ಓದು ಮಾರಾಯ್ತಿ."

ಭಾನುವಾರ. ಎಂದರೆ ಬೀಳುವ ಹಿಂದಿನ ದಿನ.

ಅದು ರೋಗಿಯ ಕಾಲಬುಡದಲ್ಲಿ ತೂಗುಹಾಕುವ ಅಬ್ಸರ್ವೇಶನ್ ಚಾರ್ಟು. ಗೆರೆ ಹೊಡೆದು, ಮನೆ ಮಾಡಿ, ಕಾಲೇಜಿನಲ್ಲಿ ಕಲಿಸಿದ ಕ್ರಮ ಒಂದಿಷ್ಟೂ ತಪ್ಪದೆ ತುಂಬಿಸಿತ್ತು. ರೋಗಿಯ ಹೆಸರು: ಹಂಪಮ್ಮ ಎಂ. ಕೆಳಗೆ ತಾರೀಖು, ಹೊತ್ತು, ಜಾಗ, ಎಷ್ಟು ಸೆಕೆಂಡು, ನಾಡಿ, ಮುಖದ ಬಣ್ಣ. ಹದಿಮೂರು ಸಾಲು. ಕೊನೆಯ ಮನೆಯಲ್ಲಿ, ಎಚ್ಚರವಾದ ಮೇಲೆ ರೋಗಿ ಆಡಿದ ಮೊದಲ ಮಾತು. ಹದಿಮೂರು ಸಾಲಿನಲ್ಲೂ ಒಂದೇ ಮಾತು: "ಯಾರರ ನೋಡಿದ್ರೇನು?" ಇಂಗ್ಲಿಷಿನ ವೈ ಅಕ್ಷರದ ಬಾಲವನ್ನು ಬೇಗಂ ಬಜಾರಿನ ಅಂಗಡಿಯವರು ಕಟ್ಟುವ ಗಂಟಿನ ಹಾಗೆ ಸುತ್ತಿ ಬರೆಯುವವರು ಆ ಕಾಲೇಜಿನಲ್ಲಿ ಒಬ್ಬರೇ.

ಹೆಗಲು ಕೊಟ್ಟ ಕೈಯೇ ನಾಡಿ ಹಿಡಿದು ಎಣಿಸುತ್ತಿತ್ತು ಎಂಬುದು ಹಂಪಮ್ಮನಿಗೆ ಆಗ ತಿಳಿಯಿತು. ಮಣಿಕಟ್ಟಿನ ಮೇಲೆ ಆ ಬೆರಳುಗಳ ನೆನಪಿತ್ತು. ಅದನ್ನು ಅವಳು ಪ್ರೀತಿ ಎಂದುಕೊಂಡಿದ್ದಳು.

"ಮೂರ್ಛೆ ಇಲ್ಲ ಎಂದು ಬರೆದುಕೊಟ್ಟಿದ್ದೀಯಲ್ಲ," ಎಂದರು ಸಿಸ್ಟರ್. "ಅದು ಸುಳ್ಳು. ಮುಂದಿನ ತಿಂಗಳು ನಿಮ್ಮ ಬ್ಯಾಚು ಹೆರಿಗೆ ವಾರ್ಡಿಗೆ ಹೋಗಬೇಕು. ಶುಕ್ರವಾರ ಡಾಕ್ಟರ್ ರಶ್ಮಿ ನಿನ್ನನ್ನು ಪರೀಕ್ಷಿಸುತ್ತಾರೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಬಾ. ಡಾಕ್ಟರು ಆಗದು ಎಂದರೆ ನಾನೇನೂ ಮಾಡಲಾರೆ ಮಗಳೇ, ನೀನು ಕೋರ್ಸು ಬಿಡಬೇಕಾಗುತ್ತದೆ. ಅಲ್ಲಿಯವರೆಗೆ ವಾರ್ಡಿಗೆ ಕಾಲಿಡಬೇಡ."

ಬಿದ್ದವಳಿಗೆ ಬೀಳ್ಕೊಡುಗೆಯ ಸಿದ್ಧತೆ.

ಹಾಸ್ಟೆಲ್ ಕೋಣೆಯಲ್ಲಿ ಶೀತಲ ಮಂಚದ ಮೇಲೆ ಕೂತು ಬೂಟಿಗೆ ಬಿಳಿ ಪಾಲಿಶ್ ಹಚ್ಚುತ್ತಿದ್ದಳು. ಹಂಪಮ್ಮ ಬಾಗಿಲಲ್ಲೇ ನಿಂತಳು.

"ಚಾರ್ಟ್ ಚಲೋ ಬರದೀದಿ. ಮಾರ್ಕ್ಸ್ ಎಷ್ಟ ಬಂತು?"

ಶೀತಲ ತಲೆಯೆತ್ತಲಿಲ್ಲ. ಹೆಸರಿಗೆ ತಕ್ಕ ಹಾಗೆ ತಣ್ಣಗೆ ಕೇಳಿದಳು: "ಮುಂದಿನ ತಿಂಗಳ ಹೆರಿಗಿ ವಾರ್ಡ್. ಹಸಿಕೂಸು ಕೈಯಾಗ ಇದ್ದಾಗ ನಿನಗ ಸೀಟಿ ಹೊಡದ್ರ? ಆ ಕೂಸು ನಿನ್ನ ಏಪ್ರನ್ ಜಗ್ಗತೈತೇನು?"

"ನನಗ ಹೇಳಬೇಕಿತ್ತು."

"ಮೂರ್ ಸಲ ಹೇಳೀನಿ. ಡಾಕ್ಟರ್‌ಗೆ ತೋರಿಸು, ತೋರಿಸು ಅಂತ. ನೀ ಏನಂದಿ? 'ನೀ ಇದ್ದೀಯಲ್ಲ' ಅಂದಿ. ನಾ ಇಲ್ಲಿ ನರ್ಸ್ ಆಗಾಕ ಬಂದೀನಿ ಹಂಪಿ, ಕಂಬ ಆಗಾಕಲ್ಲ."

ಹಂಪಮ್ಮ ಬೇರೆ ಪ್ರಶ್ನೆ ಕೇಳಿದಳು.

"ಚಾರ್ಟ್ ಐತ್ವಾರನ ಕೊಟ್ಟಿದ್ದಿಯಲ್ಲ. ಸೋಮವಾರ ಯಾಕ ಸರದ ನಿಂತಿ?"

ಈಗ ಶೀತಲಳ ಬ್ರಷ್ ನಿಂತಿತು. "ಸಿಸ್ಟರ್ ನಂಬಲಿಲ್ಲ. 'ಹಂಪಮ್ಮ ಎಷ್ಟು ಗಟ್ಟಿ ಹುಡುಗಿ' ಅಂದ್ರು. ಎಲ್ಲಾರೂ ಒಮ್ಮೆ ನೋಡ್ಲಿ ಅಂತ..." ಅಷ್ಟಕ್ಕೇ ನಿಲ್ಲಿಸಿ, ಮೆಲ್ಲಗೆ ಸೇರಿಸಿದಳು: "ಮುಂದ ಮಂಚ ಇತ್ತು. ಮೆತ್ತಗ ಬೀಳ್ತೀ ಅಂತ ನೋಡೇ ಸರದೀನಿ."

"ಭಾಳ ಉಪಕಾರ ಆತು," ಎಂದಳು ಹಂಪಮ್ಮ.

ಆಮೇಲೆ ಮೂರು ದಿನ ಒಂದೇ ಕೋಣೆಯಲ್ಲಿ ಇಬ್ಬರೂ ಗೋಡೆಗಳ ಹಾಗೆ ಬದುಕಿದರು. ಎದುರುಬದುರು, ಮಾತಿಲ್ಲ. ಹಂಪಮ್ಮ ಬಕೆಟ್ಟು, ಬಟ್ಟೆ ಒಣಹಾಕುವ ಹಗ್ಗ, ಕನ್ನಡಿ ಎಲ್ಲ ಬೇರೆ ಮಾಡಿಕೊಂಡಳು. ಚಾರ್ಟು ಬರೆದದ್ದನ್ನು ಹೇಗೋ ನುಂಗಬಹುದು. ಬರೆದವಳು ನರ್ಸು ಅನ್ನಬಹುದು. ಸರಿದು ನಿಂತವಳು ಯಾರು? ಅವಳಿಗೆ ಹೆಸರು ಸಿಗಲಿಲ್ಲ. ಊಟಕ್ಕೆ ಕೂತಾಗ, ಮುಖ ತೊಳೆಯುವಾಗ ಆ ಎರಡು ಬಿಳಿ ಬೂಟುಗಳು ಪಕ್ಕಕ್ಕೆ ಸರಿಯುತ್ತಲೇ ಇದ್ದವು.

ಶುಕ್ರವಾರ ಮೌನಪ್ಪ ಇಸ್ತ್ರಿ ಅಂಗಿಯಲ್ಲಿ, ಸುಗಲಮ್ಮ ಮೂರನೇ ಮಹಡಿಯ ಮೇಡಂ ಕೊಟ್ಟ ಸೀರೆಯಲ್ಲಿ ಬಂದರು. ಡಾಕ್ಟರ್ ರಶ್ಮಿ ಬೀದರಿನವರು, ಮಾತು ಕಡಿಮೆ. ಮಲಗಿಸಿ ಬಿ.ಪಿ. ನೋಡಿದರು, ನಿಲ್ಲಿಸಿ ನೋಡಿದರು, ಹತ್ತು ನಿಮಿಷ ನಿಲ್ಲಿಸಿ ಮತ್ತೆ ನೋಡಿದರು. ಇ.ಸಿ.ಜಿ. ಓದಿದರು. ಹೃದಯ ಸರಿಯಿದೆ, ಫಿಟ್ಸ್ ಅಲ್ಲ, ನಿಂತಾಗ ರಕ್ತ ಕಾಲಿಗಿಳಿದು ತಲೆಗೆ ಕಡಿಮೆ ಬೀಳುತ್ತದೆ, ಅಷ್ಟೇ ಎಂದರು. ಆಮೇಲೆ ಶೀತಲಳ ಚಾರ್ಟು ತೆಗೆದು, ಹದಿಮೂರು ಸಾಲಿನ ಕೆಳಗೆ ಮೊನ್ನೆಯದನ್ನೂ ತಾವೇ ಸೇರಿಸಿ, ಫೋನಿನ ಕ್ಯಾಲೆಂಡರು ನೋಡುತ್ತ ಪ್ರತಿ ತಾರೀಖಿನ ಪಕ್ಕ ಪೆನ್ಸಿಲಿನಿಂದ ಒಂದೊಂದು ಅಕ್ಷರ ಬರೆದರು.

"ಹದಿನಾಲ್ಕು ಸಲದಾಗ ಹನ್ನೊಂದು ಸಲ ಸೋಮವಾರ," ಎಂದರು. "ಮುಂಜಾನೆ ಹತ್ತರಿಂದ ಹನ್ನೊಂದರ ಒಳಗ. ಸೋಮವಾರ ಏನದ?"

ಹಂಪಮ್ಮ ನೆಲ ನೋಡಿದಳು. ಸುಗಲಮ್ಮ ಗೋಡೆ ನೋಡಿದಳು. ಮೌನಪ್ಪನ ಮೌನ ಅವನ ಹೆಸರಿನಿಂದಾಚೆಗೆ ಎಂದೂ ದಾಟಿದ್ದಲ್ಲ.

"ಸೋಮವಾರ ಅಕೀದು ಒಪ್ಪತ್ತು ಐತಲ್ರೀ ಡಾಕ್ಟ್ರಮ್ಮಾ!" ಎಂದುಬಿಟ್ಟ.

"ಬಾಯಿಗಿ ಬೀಗ ಇಲ್ಲೇನು ನಿಮಗ?" ಸುಗಲಮ್ಮ ಸಿಡಿದಳು. "ಹರಕಿ ಹೊರಗ ಹೇಳಿದ್ರ ಫಲ ಹೋಗ್ತೈತಿ!"

ಹರಕೆ ಸುಗಲಮ್ಮನದು. ಮಗಳಿಗೆ ಸೀಟು ಸಿಕ್ಕ ವಾರವೇ ತಿಂಥಣಿಗೆ ಹೋಗಿ ಮೌನೇಶ್ವರನ ಮುಂದೆ ನಿಂತು ಬೇಡಿಕೊಂಡಿದ್ದಳು: ನನ್ನ ಮಗಳು ನರ್ಸಾಗುವವರೆಗೆ ಪ್ರತಿ ಸೋಮವಾರ ಒಂದೇ ಹೊತ್ತು ಉಣ್ಣುತ್ತಾಳೆ, ಸಂಜೆ ದೀಪ ಹಚ್ಚುವವರೆಗೆ ಹನಿ ನೀರೂ ಮುಟ್ಟುವುದಿಲ್ಲ. ಬೇಡಿಕೊಂಡವಳು ಅವ್ವ, ಉಪವಾಸ ಮಗಳದು. ಹೊರಗೆ ಹೇಳುವಂತಿಲ್ಲವಾದ್ದರಿಂದ ಶೀತಲಳಿಗೂ ಹೇಳಿರಲಿಲ್ಲ. ಹಾಸ್ಟೆಲಿನಲ್ಲಿ ಸೋಮವಾರದ ತಿಂಡಿ ಉಪ್ಪಿಟ್ಟು. ಆ ಉಪ್ಪಿಟ್ಟನ್ನು ಬಿಡುವವರಿಗೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಹಂಪಮ್ಮನಿಗೆ ಒಂದೆರಡು ಸಲ ಅನುಮಾನ ಬಂದದ್ದುಂಟು. ಆದರೆ ತನ್ನನ್ನು ನರ್ಸು ಮಾಡಲು ಹಿಡಿದ ಒಪ್ಪತ್ತೇ ನರ್ಸು ಆಗದಂತೆ ಕೆಡವುವ ವಿಪತ್ತು ಎಂದು ಹೇಗೆ ನಂಬುವುದು? ದೇವರ ಮೇಲಲ್ಲದಿದ್ದರೂ ಅವ್ವನ ಮೇಲೆ ಅಷ್ಟು ದೊಡ್ಡ ಅಪವಾದ ಹೊರಿಸಲು ಮನಸ್ಸಾಗಿರಲಿಲ್ಲ.

"ಮಾತು ಕೊಟ್ಟವರು ನೀವು," ಎಂದರು ರಶ್ಮಿ. "ಹಸದು ಬಿದ್ದಾಕಿ ಈಕಿ."

ಸುಗಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನ ಹಿಡೀತಿದ್ನಿರಿ. ನಾಲ್ಕ ಮನಿ ಕೆಲಸ, ಹಸದು ಆಗ್ತಿರಲಿಲ್ಲ. ಓದೋ ಹುಡುಗಿಗೆ ಏನ್ ಭಾರ ಅಂತ..." ಆಮೇಲೆ ಗಂಡನ ಕಡೆ ತಿರುಗಿದಳು. "ಇನ್ ಮ್ಯಾಲೆ ಇವ್ರು ಹಿಡೀತಾರ. ದೇವ್ರ ಹೆಸರ ಇಟಗೊಂಡಾರ, ಒಂದ ದಿನ ಉಪಾಸ ಇರಾಕೇನು?"

"ನಾನಾ?" ಎಂದ ಮೌನಪ್ಪ. ಆ ದಿನ ಅವನಾಡಿದ ಕೊನೆಯ ಮಾತು ಅದು.

ಹಂಪಮ್ಮ ನಗಲಿಲ್ಲ. ಕಿಟಕಿಯಾಚೆ ನೋಡುತ್ತಿದ್ದಳು. ಅವ್ವ ಪ್ರೀತಿಯಿಂದ ಹಸಿವು ಕಟ್ಟಿದ್ದಳು. ಗೆಳತಿ ಕಾಳಜಿಯಿಂದ ಹೆಗಲು ಕಿತ್ತುಕೊಂಡಿದ್ದಳು. ದ್ವೇಷದಿಂದ ಯಾರೂ ಏನೂ ಮಾಡಿರಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು. ಮನಸಾರೆ ಬೈಯಲು ಒಬ್ಬ ಸರಿಯಾದ ವೈರಿಯಾದರೂ ಬೇಡವೇ ಮನುಷ್ಯರಿಗೆ?

ಡಾಕ್ಟರ್ ರಶ್ಮಿ ಸಿಸ್ಟರ್ ಬೆನೆಡಿಕ್ಟಾಗೆ ಬರೆದ ವರದಿ ಒಂದೇ ಪುಟ. ಹುಡುಗಿ ಕಲಿಯಬಹುದು. ಉಪವಾಸ ಕೂಡದು. ನೀರು, ಉಪ್ಪು ಹೆಚ್ಚು ಬೇಕು. ನಿಂತಾಗ ಕಾಲು ಹೆಣೆದು ತೊಡೆ ಬಿಗಿಹಿಡಿಯಬೇಕು. ಸೂಚನೆ ಬಂದ ಕೂಡಲೇ, ಎದುರಿಗೆ ಎಷ್ಟೇ ದೊಡ್ಡ ಡಾಕ್ಟರಿರಲಿ, ನೆಲದ ಮೇಲೆ ಕೂತುಬಿಡಬೇಕು. ಆದರೆ ಮೂರು ಸಲ ಬಿದ್ದದ್ದು ಸೋಮವಾರವಲ್ಲ. ಆದ್ದರಿಂದ ಕಾಯಿಲೆ ಹೋಯಿತೆಂದು ತಿಳಿಯಬಾರದು. ಆರು ತಿಂಗಳು ಕೂಸುಗಳನ್ನು ನಿಂತು ಎತ್ತಬಾರದು. ವಾರ್ಡಿನಲ್ಲಿ ಸದಾ ಒಬ್ಬ ಸಹಪಾಠಿ ಪಕ್ಕದಲ್ಲಿರಬೇಕು.

"ದೇವರು ದೊಡ್ಡವನು," ಎಂದರು ಸಿಸ್ಟರ್, ವರದಿ ಮಡಿಸುತ್ತ. ಹಂಪಮ್ಮ ಈ ಸಲ ಅಪ್ಪಣೆ ಕೇಳದೆ ಕುರ್ಚಿಯಲ್ಲಿ ಕೂತಿದ್ದಳು, ವೈದ್ಯರ ಆದೇಶ. "ಸುಳ್ಳು ಬರೆದದ್ದಕ್ಕೆ ಒಂದು ತಿಂಗಳು ಭಾನುವಾರದ ರಜೆ ಇಲ್ಲ. ಮತ್ತೆ, ಪಕ್ಕದಲ್ಲಿ ಇರುವವಳ ಹೆಸರು ಬರೆದು ಇಬ್ಬರೂ ಸಹಿ ಮಾಡಬೇಕು. ನಿನಗೆ ಬೇಕಾದವರನ್ನು ನೀನೇ ಆರಿಸಿಕೋ. ಪ್ರೇಮಾ ತಾನಾಗಿ ಬಂದು ಕೇಳಿದ್ದಾಳೆ, ಒಳ್ಳೆಯ ಹುಡುಗಿ."

ಹಂಪಮ್ಮ ಕಾಗದ ಹತ್ತಿರಕ್ಕೆ ಎಳೆದುಕೊಂಡಳು. ಕಣ್ಣ ಮುಂದೆ ಬಿಳಿ ಬೂಟುಗಳು ಮತ್ತೊಮ್ಮೆ ಸರಿದವು. ಆಮೇಲೆ ಬರೆದಳು: ಶೀತಲ ಎಸ್.

ಸಿಸ್ಟರ್ ಬೆನೆಡಿಕ್ಟಾ ಹೆಸರು ಓದಿದರು, ಕನ್ನಡಕ ತೆಗೆದರು, ಒರೆಸಿಕೊಂಡರು. ಕ್ಷಮೆ ಅವರ ಮೆಚ್ಚಿನ ವಿಷಯ. ಇಪ್ಪತ್ತಾರು ವರ್ಷದಿಂದ ಪ್ರತಿ ಶುಕ್ರವಾರದ ಅಸೆಂಬ್ಲಿಯಲ್ಲಿ ಅದರ ಬಗ್ಗೆ ಮಾತಾಡಿದ್ದರು, ಯಾರೂ ಕೇಳಿಸಿಕೊಂಡ ಗುರುತು ಕಂಡಿರಲಿಲ್ಲ. ಬಾಗಿಲ ಹೊರಗೆ ಸಹಿಗೆಂದು ಕರೆಸಿದ್ದ ಹುಡುಗಿಯರ ಸಾಲಿತ್ತು. ಸಾಲಿನ ಮೇಲಿಂದ ಒಂದು ತಲೆ ಮಾತ್ರ ಒಳಗೆ ಕಾಣುತ್ತಿತ್ತು. ಅದರ ಕಣ್ಣುಗಳು ಕೆಂಪಾಗಿದ್ದವು.

"ಮಗಳೇ," ಸಿಸ್ಟರರ ದನಿ ಒದ್ದೆಯಾಯಿತು, "ಅಷ್ಟೆಲ್ಲ ಆದ ಮೇಲೂ ಅವಳನ್ನೇ ಆರಿಸಿದೆಯಲ್ಲ. ಮನಸ್ಸಿನಿಂದ ಅವಳನ್ನು ಕ್ಷಮಿಸಿದೆಯಾ?"

"ಇಲ್ರೀ ಸಿಸ್ಟರ್," ಎಂದಳು ಹಂಪಮ್ಮ, ಪೆನ್ನಿನ ಮುಚ್ಚಳ ಹಾಕುತ್ತ. "ಉಳದೋರೆಲ್ಲ ಗಿಡ್ಡ ಅದಾರ್ರೀ."